ಸಗರನಾಡಿನ ಶಾಲೆಗಳು: ಹಲವು ನುಡಿ, ಗುಳೆ ಮತ್ತು ಹಂಗಾಮಿ ಹಣ

ಕೃಷ್ಣಾ ನದಿಯ ಎಡದಂಡೆಯಲ್ಲಿರುವ ತಿಂಥಣಿ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿಗೆ ಸೇರಿದ ಗ್ರಾಮವಾಗಿದ್ದು, ಸೇತುವೆ ದಾಟಿದೊಡನೆ ರಾಯಚೂರು ಜಿಲ್ಲೆ ಆರಂಭವಾಗುತ್ತದೆ. ಇಲ್ಲಿಯ ಮೌನೇಶ್ವರ ದೇವಸ್ಥಾನಕ್ಕೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಸಮೀಪದ ದೇವರಗೋನಾಲದ ವಿಶ್ವಕರ್ಮ ಮನೆತನದಲ್ಲಿ ಹುಟ್ಟಿದನೆಂದು ನಂಬಲಾದ ಈ ಸಂತ ಒಬ್ಬರಿಗೆ ಮೌನೇಶ್ವರ, ಇನ್ನೊಬ್ಬರಿಗೆ ಮೌನುದ್ದೀನ್. ಅವನ ಹೆಸರಿನಲ್ಲಿ ಪ್ರಚಲಿತವಾಗಿರುವ ವಚನಗಳು ಕನ್ನಡದಲ್ಲಿದ್ದರೆ ಭಕ್ತರು ಜಾತ್ರೆಯಲ್ಲಿ ಹಾಕುವ ಘೋಷ ದಖನಿಯಲ್ಲಿದೆ. ದಖನಿ ಎಂದರೆ ದಕ್ಷಿಣದ ಪ್ರಸ್ಥಭೂಮಿಯಲ್ಲಿ ಕನ್ನಡ, ತೆಲುಗು, ಮರಾಠಿಗಳ ಒಡನಾಟದಲ್ಲಿ ಬೆಳೆದ ಉರ್ದುವಿನ ರೂಪ. ಶಹಾಪುರ ತಾಲೂಕಿನ ಸಗರ ಗ್ರಾಮದ ಹೆಸರಿನಿಂದ ಸಗರನಾಡು ಎನಿಸಿಕೊಂಡ ಈ ಸೀಮೆಯಲ್ಲಿ ಊರೊಳಗೆ ಕನ್ನಡ ಮತ್ತು ದಖನಿ, ತಾಂಡಾಗಳಲ್ಲಿ ಲಂಬಾಣಿ, ಪೂರ್ವದ ಕಡೆಗೆ ಸಾಗಿದಂತೆ ತೆಲುಗು ಕೇಳಿಬರುತ್ತವೆ. ಸಂತೆಯ ದಿನ ಇವೆಲ್ಲವೂ ಒಂದೇ ಕಟ್ಟೆಯ ಮೇಲೆ ವ್ಯವಹಾರ ನಡೆಸುತ್ತವೆ. ಶಾಲೆಯ ಕಟ್ಟಡದೊಳಗೆ ಮಾತ್ರ ಈ ಸಹವಾಸ ಎಂದೂ ಸಲೀಸಾಗಿ ನಡೆದಿಲ್ಲ.

ಈ ಭಾಗದ ಶಿಕ್ಷಣದ ಇತಿಹಾಸವನ್ನು ಆಳಿದವರ ಭಾಷಾನೀತಿಯ ಕಥೆಯಾಗಿ, ಅಂದರೆ ನಿಜಾಮರ ಉರ್ದುವಿನಿಂದ ಏಕೀಕರಣದ ಕನ್ನಡಕ್ಕೆ ಬಂದ ದಾರಿಯಾಗಿ ಹೇಳುವುದು ರೂಢಿಯಾಗಿದೆ. ಶಾಲೆಗೆ ಹಣ ಯಾವ ಬಾಬಿನಿಂದ ಬಂತು, ಎಷ್ಟು ಕಾಲಕ್ಕೆಂದು ಬಂತು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಕಾಣುವ ಚಿತ್ರ ಬೇರೆ: ವರ್ಷವಿಡೀ ಒಂದೇ ಊರಿನಲ್ಲಿದ್ದು ಸರ್ಕಾರದ ಭಾಷೆಯನ್ನೇ ಮನೆಯಲ್ಲಿಯೂ ಆಡುವ ಮಗುವಿಗೆ ಖಜಾನೆಯಲ್ಲಿ ಖಾಯಂ ಬಾಬು ಒಂದಿರುತ್ತದೆ, ಮನೆಮಾತು ಬೇರೆಯಾದ ಅಥವಾ ತಾಯಿತಂದೆಯರ ಜೊತೆ ಊರು ಬಿಡುವ ಮಗುವಿಗಾಗಿ ಮಾಡುವುದೆಲ್ಲ ಹಂಗಾಮಿ ಏರ್ಪಾಡಾಗಿ, ಗಡುವಿನೊಂದಿಗೆ ಬಂದು ಗಡುವಿನೊಂದಿಗೆ ಹೋಗುತ್ತದೆ. ಆಳ್ವಿಕೆಗಳು ಬದಲಾದರೂ ಈ ವಿಭಜನೆ ಬದಲಾಗಿಲ್ಲ.

ಸರ್ಕಾರಿ ಶಾಲೆಗಳು ಬರುವ ಮುಂಚಿನ ಸ್ಥಿತಿಯನ್ನು ತಿಳಿಯಲು ನೆರೆಯ ಬಳ್ಳಾರಿಯ ದಾಖಲೆಯೊಂದು ನೆರವಾಗುತ್ತದೆ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ದೇಶೀ ಶಾಲೆಗಳ ಲೆಕ್ಕ ಕೇಳಿದಾಗ, ತೆಲುಗು ವ್ಯಾಕರಣವೊಂದನ್ನು ಬರೆದಿದ್ದ ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳುಹಿಸಿದ ವರದಿ ಇಂದಿಗೂ ಓದಿಸಿಕೊಳ್ಳುವಂಥದು. ಒಂಬತ್ತು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದು ಅವುಗಳಲ್ಲಿ 6,641 ಮಕ್ಕಳು ಓದುತ್ತಿದ್ದರು. ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಉಳಿದ 23 ಸಂಸ್ಕೃತ ಕಲಿಸುವವು. ಒಂದು ಜಿಲ್ಲೆಯೊಳಗೆ ಏಳು ಭಾಷೆಗಳ ಶಾಲೆಗಳು ಯಾವ ಸರ್ಕಾರಿ ಆದೇಶವೂ ಇಲ್ಲದೆ ನಡೆಯುತ್ತಿದ್ದವು ಎಂಬುದು ಗಮನಾರ್ಹ. ಇವುಗಳಲ್ಲಿ ಒಂದಕ್ಕೂ ಆಗ ಸರ್ಕಾರದ ನೆರವು ಇರಲಿಲ್ಲ ಎಂಬುದನ್ನು ಕ್ಯಾಂಬೆಲ್ ಸಂಕೋಚದಿಂದಲೇ ಒಪ್ಪಿಕೊಂಡನು. ಹಿಂದಿನ ಅರಸರು ವಿದ್ಯೆಗಾಗಿ ಕೊಡುತ್ತಿದ್ದ ಆಸರೆ ಕಡಿದುಹೋಗಿದ್ದು, ಬಡತನ ಹೆಚ್ಚಿದಂತೆ ಮಗನನ್ನು ಮಠಕ್ಕೆ ಕಳುಹಿಸುವುದಕ್ಕಿಂತ ದುಡಿಮೆಗೆ ಹಚ್ಚುವುದೇ ತಂದೆತಾಯಿಗೆ ಅನಿವಾರ್ಯವಾಗಿತ್ತು ಎಂಬುದು ಅವನ ವಿವರಣೆ. ಎರಡು ನೂರು ವರ್ಷಗಳ ಹಿಂದಿನ ಈ ವಾಕ್ಯವನ್ನು ಇಂದಿನ ಯಾವುದೇ ಶಾಲಾಬಾಹ್ಯ ಮಕ್ಕಳ ಸಮೀಕ್ಷೆಯಲ್ಲಿ ಸೇರಿಸಿದರೂ ಅದು ಹಳೆಯದೆಂದು ಯಾರಿಗೂ ಹೊಳೆಯಲಾರದು.

ಅದೇ ವರದಿ ಭಾಷೆಯ ಇನ್ನೊಂದು ತೊಡಕನ್ನೂ ಗುರುತಿಸಿತ್ತು. ಮಠಗಳಲ್ಲಿ ಬಾಯಿಪಾಠ ಮಾಡಿಸುತ್ತಿದ್ದ ಪುಸ್ತಕಗಳು ಪದ್ಯದಲ್ಲಿದ್ದು, ಅವುಗಳ ಭಾಷೆ ಆಡುಮಾತಿಗಿಂತ ಬಹಳ ದೂರವಿದ್ದುದರಿಂದ ಮಕ್ಕಳು ಅಕ್ಷರ ಗುರುತಿಸಿ ಓದಬಲ್ಲವರಾದರೂ ಓದಿದ್ದರ ಅರ್ಥ ಅವರಿಗೆ ಆಗುತ್ತಿರಲಿಲ್ಲ. ಕೃಷ್ಣೆಯ ಈಚೆಯ ಸಗರನಾಡಿನಲ್ಲಿಯೂ ಇದ್ದದ್ದು ಇದೇ ಬಗೆಯ ವ್ಯವಸ್ಥೆ. ಐಗಳು, ಅಂದರೆ ಊರವರು ಕಾಳುಕಡಿ ಕೊಟ್ಟು ಇರಿಸಿಕೊಂಡ ಗುರುಗಳು, ಮಠದ ಅಂಗಳದಲ್ಲಿಯೋ ಗುಡಿಯ ಕಟ್ಟೆಯಲ್ಲಿಯೋ ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿ, ಅನಂತರ ಕಡತದ ಮೇಲೆ ಬಳಪದಿಂದ ಬರೆಯಿಸುತ್ತಿದ್ದರು. ಕಡತವೆಂದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಮಡಿಚಿಟ್ಟ ಬಟ್ಟೆಯ ಹಲಗೆ. ಇಂಥ ಶಾಲೆಗಳಿಗೆ ಬಜೆಟ್ ಇರಲಿಲ್ಲ, ಸುಗ್ಗಿ ಇತ್ತು. ಬೆಳೆ ಬಂದ ವರ್ಷ ಐಗಳು ಉಳಿಯುತ್ತಿದ್ದರು, ಬರ ಬಿದ್ದರೆ ಬೇರೆ ಊರು ನೋಡುತ್ತಿದ್ದರು. ಲಂಬಾಣಿಗರು ಮತ್ತು ಅಸ್ಪೃಶ್ಯರೆನಿಸಿಕೊಂಡವರು ಈ ವ್ಯವಸ್ಥೆಯ ಹೊರಗೇ ಇದ್ದರೆಂಬುದನ್ನು ಮರೆತು ಅದನ್ನು ಹೊಗಳುವುದು ಸರಿಯಾಗದು.

ಸುರಪುರದ ಬೇಡ ನಾಯಕರ ಸಂಸ್ಥಾನಕ್ಕೆ 1841ರಲ್ಲಿ ಬಂದ ಮೆಡೋಸ್ ಟೇಲರ್ 1853ರವರೆಗೆ ಆಡಳಿತದ ಮೇಲ್ವಿಚಾರಣೆ ನಡೆಸಿದನು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಓದಿನ ಹೊಣೆಯೂ ಅವನ ಮೇಲಿತ್ತು. 1858ರ ಬಂಡಾಯ ಮತ್ತು ರಾಜನ ಮರಣದ ನಂತರ, 1860ರಲ್ಲಿ ಬ್ರಿಟಿಷರು ಸುರಪುರವನ್ನು ಹೈದರಾಬಾದಿನ ನಿಜಾಮನಿಗೆ ಒಪ್ಪಿಸಿದರು. ಮೊದಲು ಲಿಂಗಸುಗೂರು ಜಿಲ್ಲೆಯಲ್ಲಿದ್ದ ಶಹಾಪುರ ಮತ್ತು ಸುರಪುರ ತಾಲೂಕುಗಳು 1905ರ ಪುನರ್ವಿಂಗಡಣೆಯಲ್ಲಿ ಆ ಜಿಲ್ಲೆ ರದ್ದಾದಾಗ ಗುಲ್ಬರ್ಗಕ್ಕೆ ಸೇರಿದವು.

ಹೈದರಾಬಾದ್ ರಾಜ್ಯದ ಪ್ರಜೆಗಳಲ್ಲಿ ಬಹುಪಾಲು ಜನ ತೆಲುಗು, ಮರಾಠಿ ಅಥವಾ ಕನ್ನಡ ಆಡುವವರಾಗಿದ್ದು, ಆಡಳಿತ ಭಾಷೆ ಮೊದಲು ಪಾರಸಿಯಾಗಿತ್ತು, 1880ರ ದಶಕದಿಂದ ಉರ್ದುವಾಯಿತು. ಸರ್ಕಾರಿ ಶಾಲೆಗಳಿಗೆ ಮೂರು ಮೆಟ್ಟಿಲು: ಪ್ರಾಥಮಿಕಕ್ಕೆ ತಹತಾನಿಯಾ, ಮಾಧ್ಯಮಿಕಕ್ಕೆ ವಸ್ತಾನಿಯಾ, ಪ್ರೌಢಶಾಲೆಗೆ ಫೌಖಾನಿಯಾ ಎಂದು ಹೆಸರು. ಕೆಳಗಿನ ಮೆಟ್ಟಿಲಿನಲ್ಲಿ ದೇಶಭಾಷೆಗೆ ಒಂದಿಷ್ಟು ಜಾಗವಿದ್ದರೂ ಮೇಲೇರಬೇಕಾದ ಹುಡುಗ ಉರ್ದುವಿಗೆ ಬದಲಾಗಲೇಬೇಕಿತ್ತು. 1917ರ ಫರ್ಮಾನಿನ ಮೂಲಕ ರೂಪುಗೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನು ಬೋಧನ ಮಾಧ್ಯಮವಾಗಿಸಿಕೊಂಡದ್ದು, ಇಂಗ್ಲಿಷಿನ ಬದಲು ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ಕಾನೂನುಗಳನ್ನು ಕಲಿಸಿದ ಸಾಹಸವೆಂದು ದೇಶದಾದ್ಯಂತ ಹೊಗಳಿಸಿಕೊಂಡಿತು. ಆ ಹೊಗಳಿಕೆ ಅನ್ಯಾಯವಾದುದೇನಲ್ಲ. ಗುಲ್ಬರ್ಗದ ಹಳ್ಳಿಯ ಕನ್ನಡದ ಹುಡುಗನಿಗೆ ಮಾತ್ರ ಉರ್ದುವೂ ಇಂಗ್ಲಿಷಿನಷ್ಟೇ ದೂರದ ಭಾಷೆಯಾಗಿತ್ತು, ಮತ್ತು ಅವನ ಮನೆಮಾತಿಗೆ ಸರ್ಕಾರದ ಖರ್ಚಿನಲ್ಲಿ ಮೇಲಿನ ತರಗತಿ ತೆರೆಯುವ ಯೋಚನೆ ಆ ಸಾಹಸದ ಭಾಗವಾಗಿರಲಿಲ್ಲ.

ಈ ಕೊರತೆಯನ್ನು ತುಂಬಿದವು ಖಾನಗಿ ಶಾಲೆಗಳು, ಅಂದರೆ ಸರ್ಕಾರದ ಅನುಮತಿ ಪಡೆದು ಜನರ ವಂತಿಗೆಯಿಂದ ನಡೆದ ಖಾಸಗಿ ಶಾಲೆಗಳು. ಗುಲ್ಬರ್ಗದ ನೂತನ ವಿದ್ಯಾಲಯ 1907ರಲ್ಲಿ ಆರಂಭವಾಯಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಸ್ಥಾಪಿಸಿದ ಹಮ್‌ದರ್ದ್ ಶಾಲೆ ಕನ್ನಡದ ಓದಿಗೂ ಹಿಂದೂ-ಮುಸ್ಲಿಂ ಸಹವಾಸಕ್ಕೂ ನೆಲೆಯಾಯಿತು. ಆದರೆ 1920ರ ದಶಕದಲ್ಲಿ ಖಾನಗಿ ಶಾಲೆಗಳ ಅನುಮತಿಯ ನಿಯಮಗಳು ಬಿಗಿಯಾದಾಗ, ಊರಿನ ಸಣ್ಣ ಶಾಲೆಗಳು ಮುಚ್ಚಿಹೋದವು. ಶಿಕ್ಷಣವು ಒಬ್ಬ ವ್ಯಾಪಾರಿಯ ಔದಾರ್ಯ, ಒಬ್ಬ ತಾಲೂಕುದಾರನ ಸಹಿ, ಒಂದು ವರ್ಷದ ಹತ್ತಿಯ ಧಾರಣೆ ಇವುಗಳ ಮೇಲೆ ನಿಂತಿದ್ದರೆ ಅದು ಎಷ್ಟು ಬೇಗ ಬೀಳಬಲ್ಲದು ಎಂಬುದನ್ನು ಈ ದಶಕ ತೋರಿಸಿತು. ಇಷ್ಟಾಗಿಯೂ ಆ ಕಾಲದ ಉರ್ದು ಶಿಕ್ಷಣವನ್ನು ಕೇವಲ ಹೊರೆಯೆಂದು ತಳ್ಳಿಹಾಕುವಂತಿಲ್ಲ. ಉಸ್ಮಾನಿಯಾದಲ್ಲಿ ಓದಿದ ಸಿದ್ದಯ್ಯ ಪುರಾಣಿಕರು, ರಾಯಚೂರು ಸೀಮೆಯಲ್ಲಿದ್ದುಕೊಂಡು ಕನ್ನಡಕ್ಕೆ ಗಜಲಿನ ಛಂದಸ್ಸನ್ನು ಒಗ್ಗಿಸಿದ ಶಾಂತರಸರು ಅದೇ ದ್ವಿಭಾಷಾ ವಾತಾವರಣದ ಫಲ. ಎರಡು ಭಾಷೆಗಳ ನಡುವೆ ಬೆಳೆದ ಮಗುವಿಗೆ ಆಸರೆ ಸಿಕ್ಕರೆ ಏನಾಗಬಲ್ಲದೆಂಬುದಕ್ಕೆ ಅವರು ಸಾಕ್ಷಿ. ಆಸರೆ ಸಿಗದೆ ತಹತಾನಿಯಾದಲ್ಲಿಯೇ ನಿಂತುಹೋದವರ ಹೆಸರುಗಳು ಸಾಹಿತ್ಯ ಚರಿತ್ರೆಯಲ್ಲಿ ಬರುವಂತಿಲ್ಲ.

1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ಹೈದರಾಬಾದ್ ಭಾರತದೊಂದಿಗೆ ಸೇರಿ, 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಬಂದಾಗ ಶಾಲೆಯ ಭಾಷೆ ಕನ್ನಡವಾಯಿತು. ಬಹುಸಂಖ್ಯಾತ ಮಕ್ಕಳ ಪಾಲಿಗೆ ಇದು ತಡವಾಗಿ ಬಂದ ನ್ಯಾಯ. ಅದೇ ವರ್ಷದ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಕೆಯ ಅನುಕೂಲ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳಿತು. 1949ರ ಶಿಕ್ಷಣ ಸಚಿವರ ಸಮ್ಮೇಳನ ಇದಕ್ಕೊಂದು ಅಳತೆಗೋಲನ್ನು ಮೊದಲೇ ಕೊಟ್ಟಿತ್ತು: ಶಾಲೆಯಲ್ಲಿ ಒಟ್ಟು 40 ಅಥವಾ ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಒಬ್ಬ ಶಿಕ್ಷಕನನ್ನು ಕೊಡಬೇಕು. ಉರ್ದು ಮಾತನಾಡುವವರು ಒಂದೆಡೆ ನೆಲೆಸಿದ್ದ ಊರುಗಳಿಗೆ ಈ ಅಳತೆ ಒಗ್ಗಿತು. ಸುರಪುರ, ಶಹಾಪುರ, ರಂಗಂಪೇಟೆಗಳಂಥ ಕಡೆ ಸರ್ಕಾರಿ ಉರ್ದು ಶಾಲೆಗಳು ಮುಂದುವರಿದವು.

ಲಂಬಾಣಿ ಮಕ್ಕಳ ಸಂಗತಿ ಬೇರೆ. ಲಂಬಾಣಿಗರು ತಮ್ಮ ಮಾತನ್ನು ಗೋರಬೋಲಿ ಎನ್ನುತ್ತಾರೆ. ಅದಕ್ಕೆ ಸ್ವಂತ ಲಿಪಿಯಿಲ್ಲ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಸ್ಥಾನವಿಲ್ಲ. ಜನಗಣತಿ ಅದನ್ನು ಹಿಂದಿಯ ಅಡಿಯಲ್ಲಿ ಸೇರಿಸಿ ಎಣಿಸುತ್ತದೆ. ಹೀಗೆ ಎಣಿಕೆಯಲ್ಲಿಯೇ ಕರಗಿಹೋಗುವ ಭಾಷೆಯ ಮಗು 40 ಮತ್ತು 10ರ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಇಡೀ ತಾಂಡಾದ ಮಕ್ಕಳು ಒಂದನೆಯ ತರಗತಿಯಲ್ಲಿ ಕುಳಿತಿದ್ದರೂ ದಾಖಲೆಯ ಪ್ರಕಾರ ಅದು ಕನ್ನಡ ಮಾಧ್ಯಮದ ಶಾಲೆ, ಶಿಕ್ಷಕರಿಗೆ ಆ ಮಾತು ಬರಬೇಕೆಂಬ ನಿಯಮವೂ ಇಲ್ಲ. ತಾಂಡಾಗಳೇ ಬಹುಕಾಲ ಕಂದಾಯ ಗ್ರಾಮಗಳೆನಿಸಿಕೊಂಡಿರಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟದ್ದು ಅಲ್ಲಿಯವರೆಗಿನ ಸ್ಥಿತಿಯನ್ನೂ ಹೇಳುತ್ತದೆ.

ಕೃಷ್ಣೆಯ ನೀರು ಮತ್ತೊಂದು ಬಗೆಯ ಚಲನೆಯನ್ನು ತಂದಿತು. 1980ರ ದಶಕದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ತುಂಬಿ ಎಡದಂಡೆ ಕಾಲುವೆ ಸುರಪುರ, ಶಹಾಪುರ ಸೀಮೆಗೆ ಹರಿದ ಮೇಲೆ ಜೋಳದ ಹೊಲಗಳ ಜಾಗದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಇದಕ್ಕೂ ಮೊದಲು ತುಂಗಭದ್ರೆಯ ಎಡದಂಡೆಯಲ್ಲಿ ಆಂಧ್ರದ ರೈತರು ಬಂದು ನೆಲೆಸಿದ ಕ್ಯಾಂಪುಗಳೂ, ಸಿಂಧನೂರಿನ ಬಳಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳೂ ಕನ್ನಡ ಶಾಲೆಯ ಹಾಜರಿ ಪಟ್ಟಿಗೆ ತೆಲುಗು, ಬಂಗಾಳಿ ಮನೆಮಾತಿನ ಮಕ್ಕಳನ್ನು ಸೇರಿಸಿದ್ದವು. ಹೀಗೆ ನೀರು ಬಂದಲ್ಲಿಗೆ ಹೊರಗಿನವರು ಬಂದರೆ, ನೀರು ತಲುಪದ ಎತ್ತರದ ಹೊಲಗಳವರು ಮತ್ತು ಭೂಮಿಯಿಲ್ಲದವರು ಗುಳೆ ಹೊರಟರು. ಗುಳೆಯೆಂದರೆ ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಕುಟುಂಬಸಮೇತ ಕೂಲಿಗೆ ಪರಊರಿಗೆ ಹೋಗುವುದು. ಬೆಂಗಳೂರಿನ ಕಟ್ಟಡಗಳು, ಮುಂಬೈ ಮತ್ತು ಪುಣೆಯ ರಸ್ತೆ ಕೆಲಸ, ಗೋವಾ, ಹೈದರಾಬಾದ್, ಕಬ್ಬಿನ ಗದ್ದೆ ಇವು ಹೋಗುವ ಜಾಗಗಳು. ಮೊಹರಂಗೋ ಜಾತ್ರೆಗೋ ಊರಿಗೆ ಬಂದು ಮತ್ತೆ ಹೋಗುವುದು ವಾಡಿಕೆ. ಊರಿನಲ್ಲಿಯೇ ಉಳಿದ ಮಕ್ಕಳಿಗೂ ಹತ್ತಿ ಬಿಡಿಸುವ ಹಂಗಾಮಿನಲ್ಲಿ ಬೆಳಗ್ಗೆ ಟಂಟಂ ಹತ್ತಿ ಹೊಲಕ್ಕೆ ಹೋಗುವ ಕೂಲಿ ಕಾದಿರುತ್ತದೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ರಾಜ್ಯದಲ್ಲಿಯೇ ಕನಿಷ್ಠ, ಹೆಣ್ಣುಮಕ್ಕಳದು ಶೇ. 41.38. ಗುಲ್ಬರ್ಗದಿಂದ ಬೇರ್ಪಟ್ಟು ಜಿಲ್ಲೆಯಾಗಿ ಆಗಿನ್ನೂ ಒಂದೆರಡು ವರ್ಷವಾಗಿತ್ತು.

1990ರ ದಶಕದಿಂದ ಈ ಮಕ್ಕಳಿಗಾಗಿ ಬಂದ ಯೋಜನೆಗಳು ಕಡಿಮೆಯೇನಲ್ಲ, ಮತ್ತು ಅವುಗಳಲ್ಲಿ ಹಲವು ಚೆನ್ನಾಗಿ ಯೋಚಿಸಿದವು. ವಿಶ್ವಬ್ಯಾಂಕ್ ನೆರವಿನ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ 1994ರಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದಾಗ ರಾಯಚೂರು ಅವುಗಳಲ್ಲೊಂದಾಗಿತ್ತು. ಎರಡನೆಯ ಹಂತದಲ್ಲಿ ಗುಲ್ಬರ್ಗ ಸೇರಿತು. ಬಿಸಿಯೂಟ ಯೋಜನೆಯಾದ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಮೊದಲು ಬಂದದ್ದು ಈ ಭಾಗವೂ ಸೇರಿದ ಏಳು ಈಶಾನ್ಯ ಜಿಲ್ಲೆಗಳಿಗೆ. ಶಾಲೆ ಬಿಟ್ಟ ಮಕ್ಕಳನ್ನು ಬೇಸಿಗೆಯಲ್ಲಿ ಓದಿಸಿ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸುವ ಚಿಣ್ಣರ ಅಂಗಳ, ಬೆಂಗಳೂರಿನ ಕಾರ್ಮಿಕರ ಶೆಡ್ಡುಗಳ ಪಕ್ಕದಲ್ಲಿ ನಡೆಸುವ ಟೆಂಟ್ ಶಾಲೆ, ತಾಯಿತಂದೆ ಗುಳೆ ಹೋದಾಗ ಮಕ್ಕಳು ಊರಿನಲ್ಲಿಯೇ ಉಳಿಯಲು ಕೆಲವು ತಿಂಗಳ ಮಟ್ಟಿಗೆ ತೆರೆಯುವ ಋತುಮಾನದ ವಸತಿ ನಿಲಯ, ಇವೆಲ್ಲ ಸರ್ವ ಶಿಕ್ಷಾ ಅಭಿಯಾನದ, 2018ರಿಂದ ಸಮಗ್ರ ಶಿಕ್ಷಣದ ಹಣದಿಂದ ನಡೆದವು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಶುರುವಾಗಿ 2009ರ ಹೊತ್ತಿಗೆ ರಾಜ್ಯವ್ಯಾಪಿಯಾದ ನಲಿಕಲಿಯಲ್ಲಿ ಪ್ರತಿ ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನಿಂದ ಮುಂದುವರಿಯಬಹುದಾಗಿದ್ದು, ಮೂರು ತಿಂಗಳು ಕಾಣೆಯಾಗಿ ಮರಳಿದ ಮಗುವಿಗೆ ಇದಕ್ಕಿಂತ ಹೊಂದುವ ಪದ್ಧತಿ ಇನ್ನೊಂದಿಲ್ಲ. ಸುರಪುರ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ 2000ದ ದಶಕದ ನಡುಭಾಗದಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್, ಯುನಿಸೆಫ್ ಮತ್ತು ರಾಜ್ಯ ಸರ್ಕಾರ ಸೇರಿ ಮಕ್ಕಳಸ್ನೇಹಿ ಶಾಲೆಯ ಪ್ರಯೋಗವನ್ನು ನಡೆಸಿದವು.

ತೊಂದರೆ ಇರುವುದು ಹಣದ ಸ್ವರೂಪದಲ್ಲಿ. ಖಾಯಂ ಶಿಕ್ಷಕರ ಸಂಬಳ ರಾಜ್ಯದ ಬಜೆಟ್ಟಿನಲ್ಲಿ ತಾನಾಗಿಯೇ ಮುಂದುವರಿಯುತ್ತದೆ. ವಲಸೆ ಮಕ್ಕಳ ಏರ್ಪಾಡಿಗೆ ಪ್ರತಿ ವರ್ಷವೂ ಪ್ರಸ್ತಾವ ಹೋಗಿ, ದೆಹಲಿಯ ಯೋಜನಾ ಅನುಮೋದನಾ ಮಂಡಳಿ ಒಪ್ಪಿ, ಕಂತುಗಳಲ್ಲಿ ಹಣ ಬರಬೇಕು. ಸರ್ವ ಶಿಕ್ಷಾ ಅಭಿಯಾನದಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು ಆರಂಭದಲ್ಲಿ 85:15 ಇದ್ದದ್ದು 75:25 ಆಗಿ, ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ 2010ರ ನಂತರ 65:35 ಆಗಿ, 2015–16ರಿಂದ 60:40ಕ್ಕೆ ಬಂದಿದೆ. ಇತ್ತ ಹದಿನಾಲ್ಕನೆಯ ಹಣಕಾಸು ಆಯೋಗ ಶೇ. 4.71 ಇರಿಸಿದ್ದ ಕರ್ನಾಟಕದ ತೆರಿಗೆ ಪಾಲನ್ನು ಹದಿನೈದನೆಯದು ಶೇ. 3.65ಕ್ಕೆ ಇಳಿಸಿತು. 1988ರಿಂದ ನಡೆದಿದ್ದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ವಿಶೇಷ ಶಾಲೆಗಳನ್ನು 2021–22ರಲ್ಲಿ ಸಮಗ್ರ ಶಿಕ್ಷಣದೊಳಗೆ ವಿಲೀನಗೊಳಿಸಲಾಯಿತು. 2024–25ರಲ್ಲಿ ಪಿಎಂ ಶ್ರೀ ಶಾಲೆಗಳ ಒಪ್ಪಂದದ ವಿವಾದದಿಂದಾಗಿ ತಮಿಳುನಾಡಿಗೆ ಸಮಗ್ರ ಶಿಕ್ಷಣದ 2,152 ಕೋಟಿ ರೂಪಾಯಿ ತಡೆಹಿಡಿಯಲ್ಪಟ್ಟಾಗ, ಈ ಬಾಬಿನ ಹಣ ರಾಜಕೀಯ ಜಗಳಕ್ಕೂ ಸಿಕ್ಕಿಬೀಳಬಲ್ಲದೆಂಬುದು ಎಲ್ಲ ರಾಜ್ಯಗಳಿಗೂ ಗೊತ್ತಾಯಿತು. ಅನುಮೋದನೆ ಆರ್ಥಿಕ ವರ್ಷವನ್ನು ಹಿಂಬಾಲಿಸಿದರೆ ಗುಳೆ ಮಳೆಯನ್ನು ಹಿಂಬಾಲಿಸುತ್ತದೆ, ಎರಡೂ ಒಂದೇ ತಿಂಗಳಿನಲ್ಲಿ ಕೂಡುವುದು ಅಪರೂಪ. ಶಾಲಾ ಮಾಹಿತಿಯಾದ ಯು-ಡೈಸ್ ಎಣಿಕೆಗೆ ಬಹುಕಾಲ ಸೆಪ್ಟೆಂಬರ್ 30 ಆಧಾರದಿನವಾಗಿದ್ದುದರಿಂದ, ದೀಪಾವಳಿಯ ನಂತರ ಊರು ಬಿಡುವ ಮಗು ಕಾಗದದ ಮೇಲೆ ಶಾಲೆಯಲ್ಲಿಯೇ ಇರುತ್ತಿತ್ತು. ಮುಂಗಾರು ಕೈಕೊಟ್ಟು ಮೊದಲೇ ಹೊರಟ ವರ್ಷ ಅದೇ ಮಗುವಿನ ಗೈರಿನಿಂದ ಶಾಲೆಯ ಸಂಖ್ಯೆ ಇಳಿದು ಒಬ್ಬ ಶಿಕ್ಷಕರು ಹೆಚ್ಚುವರಿ ಎನಿಸಿಕೊಳ್ಳುವ ಸಂಭವವಿತ್ತು.

ಕಾನೂನಿನಲ್ಲಿ ಕೊರತೆ ಇದೆ ಎನ್ನುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಹೆಸರಿಸಿ ಹೇಳುತ್ತದೆ, ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎನ್ನುತ್ತದೆ, ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಶಾಲೆಯ ಹೊರಗಿರುವ ಮಕ್ಕಳ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡದ್ದರಿಂದ ಸಮೀಕ್ಷೆಗಳೂ ಚುರುಕಾದವು. ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಸಡಿಲಿಕೆಯೊಳಗೆ ಹಣದ ಲೆಕ್ಕ ಪೂರ್ತಿಯಾಗಿ ಹೊಕ್ಕುಬಿಡುತ್ತದೆ ಎಂದರೆ ಅತಿಶಯೋಕ್ತಿಯಾಗದು.

ಹೋದ ಊರಿನಲ್ಲಿ ಏನು ಸಿಗುತ್ತದೆಂಬುದು ಇತಿಹಾಸದ ಇನ್ನೊಂದು ಮಗ್ಗಲು. ಮುಂಬೈ ಮಹಾನಗರ ಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಹೀಗೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದ್ದು, ದೇಶದಲ್ಲಿ ಇಂಥ ಉದಾಹರಣೆ ವಿರಳ. ಕನ್ನಡ ಶಾಲೆಗಳಿಗೆ ಬರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣ ಕನ್ನಡದಿಂದ ಹೋಟೆಲು ಕೆಲಸಕ್ಕೆ ಹೋದ ಹುಡುಗರು ಅದೇ ಮುಂಬೈಯಲ್ಲಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಆ ಶಾಲೆಗಳ ಹಿಂದೆ ಹಣವಂತರಾಗಿದ್ದ ತಮ್ಮವರದೇ ಸಂಘಗಳಿದ್ದವು, ಹುಡುಗರೂ ಒಂದೇ ಹೋಟೆಲಿನಲ್ಲಿ ವರ್ಷಗಟ್ಟಲೆ ಇರುತ್ತಿದ್ದರು. ಸಗರನಾಡಿನ ಕಟ್ಟಡ ಕಾರ್ಮಿಕನಿಗೆ ಅಂಥ ಸಂಘವೂ ಇಲ್ಲ, ಕಟ್ಟಡ ಮುಗಿದೊಡನೆ ಶೆಡ್ಡೂ ಇರುವುದಿಲ್ಲ. ಮಹಾರಾಷ್ಟ್ರ ಕಬ್ಬು ಕಡಿಯುವವರ ಮಕ್ಕಳಿಗಾಗಿ ಸಕ್ಕರೆ ಕಾರ್ಖಾನೆಗಳ ಬಳಿ ‘ಸಾಖರ್ ಶಾಳಾ’ಗಳನ್ನು ಕಂಡಿತು, ಮುಂದೆ ಮಗುವಿನ ಜೊತೆ ಊರಿಂದೂರಿಗೆ ಹೋಗುವ ಶಿಕ್ಷಣ ಹಮೀ ಕಾರ್ಡನ್ನು ತಂದಿತು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 2017ರಲ್ಲಿ ಶುರುವಾದ ರೋಶ್ನಿ ಯೋಜನೆ, ಹೊರರಾಜ್ಯದ ಕಾರ್ಮಿಕರ ಮಕ್ಕಳ ಭಾಷೆ ಬಲ್ಲ ಸ್ವಯಂಸೇವಕರನ್ನು ಮಲಯಾಳಂ ಶಾಲೆಯೊಳಕ್ಕೆ ತಂದು ಹೆಸರು ಮಾಡಿತು. ಅದಕ್ಕೂ ಆಧಾರವಾದದ್ದು ತೈಲ ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆಯ ನಿಧಿ, ಸರ್ಕಾರದ ಖಾಯಂ ಬಾಬು ಅಲ್ಲ.

ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಶಹಾಪುರ, ಸುರಪುರ, ಯಾದಗಿರಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಸೇರಿಸಿದ ಮೇಲೆ ಈ ಭಾಗದ ವಿಶೇಷ ಸ್ಥಾನಮಾನಕ್ಕಾಗಿ ನಡೆದ ಹೋರಾಟ, 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371ಜೆ ವಿಧಿಯಲ್ಲಿ ಫಲ ಕಂಡಿತು. ಇಂದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎನಿಸಿಕೊಂಡಿರುವ ಸಂಸ್ಥೆಗೆ ದೊಡ್ಡ ಮೊತ್ತದ ವಾರ್ಷಿಕ ಅನುದಾನ ಬರುತ್ತಿದ್ದು, ಅದರ ಒಂದು ಪಾಲು ಶಿಕ್ಷಣಕ್ಕೆ ಮೀಸಲಾಗಿದೆ. ಕೊಠಡಿ, ಶೌಚಾಲಯ, ಬೆಂಚುಗಳು ಕಾಣುವಂತೆ ಹೆಚ್ಚಿವೆ. ಕೊಠಡಿಗೆ ಒಮ್ಮೆ ಹಣ ಕೊಟ್ಟರೆ ಸಾಕು, ಶಿಕ್ಷಕರಿಗೆ ಪ್ರತಿ ತಿಂಗಳೂ ಕೊಡಬೇಕು. ಖಾಲಿ ಹುದ್ದೆಗಳನ್ನು ತುಂಬುವ ಕೆಲಸ ಇಂದಿಗೂ ಬಹುಮಟ್ಟಿಗೆ ಅತಿಥಿ ಶಿಕ್ಷಕರ, ಅಂದರೆ ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಗೌರವಧನದ ಮೇಲೆ ಸೇರಿಸಿಕೊಂಡವರ ಮೂಲಕವೇ ನಡೆದಿದೆ. ಅವರು ಸಾಮಾನ್ಯವಾಗಿ ಅದೇ ಊರಿನ ಅಥವಾ ಪಕ್ಕದ ತಾಂಡಾದ ಪದವೀಧರರಾಗಿರುವುದರಿಂದ, ಒಂದನೆಯ ತರಗತಿಯ ಮಗು ಕನ್ನಡದ ಪಾಠ ತಿಳಿಯದೆ ಕುಳಿತಾಗ ಅದನ್ನು ಲಂಬಾಣಿಯಲ್ಲಿಯೋ ದಖನಿಯಲ್ಲಿಯೋ ಬಿಡಿಸಿ ಹೇಳಬಲ್ಲವರು ಬಹಳ ಶಾಲೆಗಳಲ್ಲಿ ಅವರೇ. ಈ ಸಾಮರ್ಥ್ಯ ಅವರ ನೇಮಕಾತಿಯ ಯಾವ ಅಂಕಪಟ್ಟಿಯಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ, ಮತ್ತು ಶೈಕ್ಷಣಿಕ ವರ್ಷ ಮುಗಿಯುತ್ತಿದ್ದಂತೆ ಅವರ ಸೇವೆಯೂ ಮುಗಿಯುತ್ತದೆ. ಮುಂದಿನ ವರ್ಷ ಗುಳೆಯಿಂದ ಮರಳಿದ ಮಕ್ಕಳು ಶಾಲೆಗೆ ಬರುವ ಹೊತ್ತಿಗೆ ಹೊಸ ಮಂಜೂರಾತಿಯ ಆದೇಶ ಬಂದಿದೆಯೇ ಇಲ್ಲವೇ ಎಂಬುದನ್ನು ಹಣಕಾಸು ಇಲಾಖೆಯ ಕಡತ ನಿರ್ಧರಿಸುತ್ತದೆ.